ಆಲೆಮನೆಯಲ್ಲಿ ಉರುವಲಿನ ಉಳಿತಾಯ

10 ಟನ್ ಕಬ್ಬು ಅರೆದರೆ ಸುಮಾರು 1 ಟನ್ ಬೆಲ್ಲ ದೊರೆಯುತ್ತದೆ. ಇದಕ್ಕಾಗಿ ಕೊಪ್ಪರಿಗೆಯಲ್ಲಿ ಸುಮಾರು 5,000 ಲೀಟರ್ ನೀರನ್ನು ಇಂಗಿಸಬೇಕು. ಅದೇ ಕಬ್ಬಿನ ರಚ್ಚು ಈ ಕೆಲಸಕ್ಕೆ ಸಾಕಾಗಬೇಕು. ಮಂಡ್ಯದ ಕಡೆ ಕೆಲವು ಆಲೆಮನೆಗಳಲ್ಲಿ ಅದು ಸಾಲದೆ ಸೌದೆ ಕೊಳ್ಳುವುದು, ಹಳೆಯ ಟೈರು ಉರಿಸುವುದು ಉಂಟು. ದೋಷವಿರುವುದು ಹೆಚ್ಚಾಗಿ ಒಲೆಯಲ್ಲಿ ಮತ್ತು ಉರಿಸುವ ಕ್ರಮದಲ್ಲಿ.

ಗಾಣದಿಂದ ಬಂದ ಹಸಿ ರಚ್ಚಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. 100 ಕಿಲೋ ಹಸಿ ರಚ್ಚನ್ನು ಒಲೆಗೆ ಹಾಕಿದರೆ ಮೊದಲು ಅದರಲ್ಲಿನ 50 ಲೀಟರ್ ನೀರು ಆವಿಯಾಗಬೇಕು. ಕಬ್ಬಿನ ಹಾಲಿನಿಂದ ಅಷ್ಟೇ ನೀರನ್ನು ಇಂಗಿಸಬಹುದಾಗಿದ್ದ ಶಾಖ ಹೊಗೆಗೂಡಿನ ಪಾಲಾಗುತ್ತದೆ. ಆದುದರಿಂದ ರಚ್ಚನ್ನು ತೆಳುವಾಗಿ ಹರಡಿ, ಆಗಾಗ ತಿರುವಿ, ಗರಿಗರಿಯಾಗುವವರೆಗೆ ಒಣಗಿಸಿ ಬಣವೆ ಒಟ್ಟಬೇಕು.

ಒಲೆಯ ಬಾಯಿಗೆ ರಚ್ಚನ್ನು ಒಮ್ಮೆಲೇ ತುರುಕುವುದು ಹಲವರ ವಾಡಿಕೆ. ಕಪ್ಪು ಹೊಗೆ ಕಂಡು ಉರಿ ಜೋರಾಗಿದೆಯೆಂದು ಒಲೆ ಉರಿಸುವವನು ಭಾವಿಸುತ್ತಾನೆ. ವಾಸ್ತವವಾಗಿ ಅದು ಗಾಳಿ ಸಾಲದೆ, ಪೂರ್ತಿ ಉರಿಯದೆ ಹೊರಹೋಗುತ್ತಿರುವ ಉರುವಲು. ರಚ್ಚನ್ನು ಸ್ವಲ್ಪ ಸ್ವಲ್ಪವಾಗಿ, ಬಿಡದೆ ಹಾಕಬೇಕು. ತಳದಲ್ಲಿ ಕಬ್ಬಿಣದ ಸರಳುಗಳನ್ನು ಜೋಡಿಸಿದರೆ ಕೆಳಗಿನಿಂದ ಗಾಳಿ ಬರುತ್ತದೆ, ಬೂದಿ ಗುಂಡಿಗೆ ಬೀಳುತ್ತದೆ. ಕೊಪ್ಪರಿಗೆಯ ಅಂಚಿನ ಸಂದುಗಳನ್ನು ಜೇಡಿಮಣ್ಣಿನಿಂದ ಮೆತ್ತತಕ್ಕದ್ದು.

ಕೊಪ್ಪರಿಗೆ ದಾಟಿದ ಹೊಗೆಯಲ್ಲಿಯೂ ಸಾಕಷ್ಟು ಶಾಖವಿರುತ್ತದೆ. ಹೊಗೆ ಹೋಗುವ ದಾರಿಯ ಮೇಲೆ ಇನ್ನೊಂದು ಕೊಪ್ಪರಿಗೆ ಕೂರಿಸಿದರೆ ಮುಂದಿನ ಪಾಕದ ಹಾಲು ಅದರಲ್ಲೇ ಕಾಯುತ್ತದೆ.

ಟೈರು ಮಾತ್ರ ಸಲ್ಲದು. ಅದರ ಮಸಿ ತೆರೆದ ಕೊಪ್ಪರಿಗೆಗೂ ಒಲೆಯ ಮುಂದೆ ಕುಳಿತವನ ಎದೆಗೂ ಇಳಿಯುತ್ತದೆ. ಬೂದಿಯೂ ಹೊಲಕ್ಕೆ ಬಾರದು. ರಚ್ಚಿನ ಬೂದಿಯಲ್ಲಾದರೆ ಪೊಟ್ಯಾಷ್ ಇದೆ, ಗೊಬ್ಬರದ ಗುಂಡಿಗೆ ಸೇರಿಸಬಹುದು.