ಮನೆತನದ ನೋವು, ಹೊಗೆಸೊಪ್ಪಿನ ಘಾಟು

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕಿಬ್ಬೊಟ್ಟೆಯ ಒಳಪೊರೆ ಮುಂತಾದೆಡೆ ಬೆಳೆದು ಉರಿಯೂತವನ್ನೂ ತೀವ್ರ ನೋವನ್ನೂ ಉಂಟುಮಾಡುವ ಕಾಯಿಲೆಯೇ ಎಂಡೊಮೆಟ್ರಿಯೋಸಿಸ್. ಸಂತಾನೋತ್ಪತ್ತಿಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಇದು ಇದೆಯೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೂ ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಮನೆಗಳಲ್ಲಿ ಆ ಹೆಸರಿಗಿಂತ ಹೆಚ್ಚಾಗಿ ಕಿವಿಗೆ ಬೀಳುವುದು ‘ಮುಟ್ಟಿನ ಹೊಟ್ಟೆನೋವು, ಮದುವೆಯಾದರೆ ಸರಿಹೋಗುತ್ತೆ’ ಎಂಬ ಸಮಾಧಾನ.

ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪಿನ ಬೆಳೆಗಾರರ ಮನೆಯಲ್ಲಿ ಬೆಳೆದ ಈ ಲೇಖಕಿಯ ನೋವಿಗೆ ಹೆಸರು ಸಿಗಲು ಒಂಬತ್ತು ವರ್ಷ ಹಿಡಿದದ್ದಕ್ಕೆ ಎರಡು ತಪ್ಪು ತಿಳಿವಳಿಕೆಗಳು ಕಾರಣವಾದವು. ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಹದಮಾಡುವ ಬ್ಯಾರನ್ ಮುಂದೆ ಕುಳಿತು, ಅಂಟಿನಿಂದ ಕಪ್ಪಾದ ಬೆರಳುಗಳಲ್ಲಿ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುವಾಗ ಬರುತ್ತಿದ್ದ ವಾಂತಿ, ತಲೆಸುತ್ತುಗಳನ್ನು ಮನೆಯವರು ಸೊಪ್ಪಿನ ಘಾಟಿನ ಮೇಲೆ ಹಾಕಿದರು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಸೇರಿದರೆ ಹಾಗಾಗುವುದು ನಿಜವಾದ್ದರಿಂದ ಆ ಮಾತನ್ನು ಯಾರೂ ಪ್ರಶ್ನಿಸಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ದಿನಗಳಿಗೆ ಪೆನ್ಸಿಲ್ ಗುರುತು ಹಾಕತೊಡಗಿದ ಮೇಲಷ್ಟೇ, ಬ್ಯಾರನ್ನಿನಲ್ಲಿ ಬೆಂಕಿಯಿಲ್ಲದ ತಿಂಗಳುಗಳಲ್ಲೂ ಆ ಗುರುತುಗಳು ಮುಟ್ಟಿನ ಸುತ್ತಲೇ ಗುಂಪುಗೂಡುವುದು ಕಂಡಿತು.

ಎರಡನೆಯದು, ಅಜ್ಜಿಯಿಂದ ತಾಯಿಗೆ ಬಂದಿದ್ದ ‘ನಮ್ಮನೆ ಹೆಣ್ಮಕ್ಕಳಿಗೆಲ್ಲ ಹಿಂಗೇ’ ಎಂಬ ಮಾತು. ಬಾಯಿ ಮುಚ್ಚಿಸಲು ಬಳಕೆಯಾದ ಆ ಮಾತೇ ವೈದ್ಯರಿಗೆ ಮೊದಲು ಹೇಳಬೇಕಿದ್ದ ಸುಳಿವಾಗಿತ್ತು. ಆಸ್ಟ್ರೇಲಿಯ ಮತ್ತು ಸ್ವೀಡನ್‌ಗಳಲ್ಲಿ ಅವಳಿ ಸಹೋದರಿಯರ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಈ ಕಾಯಿಲೆಗೆ ಗುರಿಯಾಗುವ ಸಾಧ್ಯತೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟಕ್ಕೆ ಅನುವಂಶೀಯತೆ ಕಾರಣ. 60,000ಕ್ಕೂ ಹೆಚ್ಚು ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವು ಕಾಯಿಲೆಯೊಂದಿಗೆ ನಂಟಿರುವ 42 ತಾಣಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಚಿಕ್ಕದು, ಅವು ತಂದೆಯ ಕಡೆಯಿಂದಲೂ ಬರಬಲ್ಲವು. ಆದ್ದರಿಂದ ಅಜ್ಜಿ, ತಾಯಿಯರನ್ನಷ್ಟೇ ಅಲ್ಲದೆ ಸೋದರತ್ತೆಯರನ್ನೂ ಕೇಳಬೇಕು.

ಉಳಿದರ್ಧವನ್ನು ಪರಿಸರವೆಂದು ಕರೆದರೂ ಅದು ಹೊಗೆ, ಕೀಟನಾಶಕಗಳಿಗೆ ಮಾತ್ರ ಸೀಮಿತವಲ್ಲ. ಮುಟ್ಟಿನ ರಕ್ತ ಹಿಮ್ಮುಖವಾಗಿ ಕಿಬ್ಬೊಟ್ಟೆಗೆ ಹರಿಯುವುದೇ ಕಾರಣವೆಂದು ಸ್ತ್ರೀರೋಗ ತಜ್ಞ ಸ್ಯಾಂಪ್ಸನ್ 1920ರ ದಶಕದಲ್ಲಿ ವಾದಿಸಿದನಾದರೂ, ಹಾಗೆ ರಕ್ತ ಹರಿಯುವ ಬಹುತೇಕರಿಗೆ ಕಾಯಿಲೆ ಬರುವುದಿಲ್ಲ. ಬೇಗ ಋತುಮತಿಯಾಗುವುದು, ಮುಟ್ಟಿನ ಅಂತರ ಕಡಿಮೆಯಿರುವುದು ಅಪಾಯವನ್ನು ಹೆಚ್ಚಿಸುತ್ತವೆ. ಡಯಾಕ್ಸಿನ್ ಎಂಬ ವಿಷಕ್ಕೂ ಈ ಕಾಯಿಲೆಗೂ ನಂಟಿರುವುದನ್ನು 1993ರಲ್ಲಿ ರೀಸಸ್ ಕೋತಿಗಳ ಅಧ್ಯಯನವೊಂದು ಸೂಚಿಸಿತು. ಮನುಷ್ಯರಲ್ಲಿ ಆ ಬಗೆಗಿನ ಫಲಿತಾಂಶಗಳು ಒಂದೇ ಬಗೆಯಾಗಿಲ್ಲ. ಹೀಗಿರುವಾಗ ವಂಶವನ್ನಾಗಲಿ, ದುಡಿಮೆಯನ್ನಾಗಲಿ, ನೋವುಣ್ಣುವ ಹೆಣ್ಣನ್ನಾಗಲಿ ದೂರುವುದು ನ್ಯಾಯವಲ್ಲ.

ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಇರಬಹುದು. ತಿಂಗಳುಗಟ್ಟಲೆಯ ಗುರುತುಗಳಿರುವ ಕ್ಯಾಲೆಂಡರ್, ನೋವುಂಡ ನೆಂಟರ ಪಟ್ಟಿ, ಇವೆರಡನ್ನೂ ಹಿಡಿದು ಸ್ತ್ರೀರೋಗ ತಜ್ಞರ ಬಳಿ ಹೋಗುವುದು ಯಾವ ಹಳ್ಳಿಯಿಂದಲೂ ಸಾಧ್ಯ. ‘ನಮ್ಮನೆ ಹೆಣ್ಮಕ್ಕಳಿಗೆಲ್ಲ ಹಿಂಗೇ’ ಎಂಬ ಮಾತನ್ನು ಮುಂದಿನ ಹುಡುಗಿಗೆ ಹೇಳದೆ ವೈದ್ಯರಿಗೆ ಹೇಳಬೇಕೆಂಬುದೇ ಆ ಒಂಬತ್ತು ವರ್ಷಗಳು ಕಲಿಸಿದ ಪಾಠ.