ಮೊಣಕಾಲಿನ ಗಾಯ: ಬಲ ಮರಳಬೇಕು, ನಂಬಿಕೆಯೂ ಮರಳಬೇಕು

ಜಾತ್ರೆಯ ಕುಸ್ತಿ ಕಣದಲ್ಲಾಗಲಿ, ಕಬಡ್ಡಿಯ ಅಂಕಣದಲ್ಲಾಗಲಿ, ಆಟಗಾರನು ಥಟ್ಟನೆ ದಿಕ್ಕು ಬದಲಿಸುವಾಗ ಪಾದವು ನೆಲದಲ್ಲಿ ಊರಿ ನಿಂತು ಮೊಣಕಾಲು ಮಾತ್ರ ತಿರುಚಿಕೊಳ್ಳುವುದುಂಟು. ಒಳಗೆ ‘ಟಪ್’ ಎಂಬ ಸಪ್ಪಳವಾದಂತೆ ಅನಿಸುತ್ತದೆ; ಕೆಲವೇ ತಾಸುಗಳಲ್ಲಿ ಕೀಲು ಊದಿಕೊಳ್ಳುತ್ತದೆ. ತೊಡೆಯ ಎಲುಬನ್ನೂ ಅದರ ಕೆಳಗಿನ ಎಲುಬನ್ನೂ ಕೀಲಿನೊಳಗೆ ಬಿಗಿದಿಡುವ ಅಸ್ಥಿರಜ್ಜು ಹರಿದಾಗ ಹೀಗಾಗುವುದು ಸಾಮಾನ್ಯ. ವೈದ್ಯರು ಈ ರಜ್ಜುವನ್ನು ಎ.ಸಿ.ಎಲ್. ಎಂದು ಕರೆಯುತ್ತಾರೆ.

ಇಂತಹ ಗಾಯದ ನಂತರ ಎರಡು ಬಗೆಯ ತಪ್ಪುಗಳನ್ನು ನಾವು ಕಾಣುತ್ತೇವೆ. ನೋವು ನಿಂತೊಡನೆ ಕಣಕ್ಕೆ ಇಳಿಯುವುದು ಒಂದು. ಕಾಲು ಗುಣವಾದ ಮೇಲೂ ಅಂಜಿ ಆಟವನ್ನೇ ತೊರೆಯುವುದು ಇನ್ನೊಂದು. ಎರಡಕ್ಕೂ ಮೂಲ ಒಂದೇ: ಶರೀರವು ಎಷ್ಟು ಸಿದ್ಧವಾಗಿದೆ ಎಂಬುದನ್ನು ಅಳೆಯದೆ ಊಹಿಸುವುದು.

ಕೀಲಿನೊಳಗೆ ನಡೆಯುವುದೇನು?

ಹರಿದ ರಜ್ಜುವಿಗೆ ಎಲ್ಲರಲ್ಲಿಯೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಅದನ್ನು ತಜ್ಞರು ನಿರ್ಧರಿಸುತ್ತಾರೆ. ಶಸ್ತ್ರಚಿಕಿತ್ಸೆಯಾದಲ್ಲಿ ಸಾಮಾನ್ಯವಾಗಿ ರೋಗಿಯ ಕಾಲಿನಿಂದಲೇ ಸ್ನಾಯುರಜ್ಜುವಿನ ತುಂಡನ್ನು ತೆಗೆದು ಕಸಿ ಮಾಡುತ್ತಾರೆ. ಈ ಕಸಿಗೆ ಹೊಸದಾಗಿ ರಕ್ತಸಂಚಾರ ಒದಗಿ, ಅದು ಅಸ್ಥಿರಜ್ಜುವಿನ ಗುಣ ಪಡೆಯಲು ಒಂದು ವರ್ಷಕ್ಕೂ ಮಿಕ್ಕಿದ ಕಾಲ ಹಿಡಿಯಬಹುದು. ಮೊದಲ ಕೆಲವು ತಿಂಗಳುಗಳಲ್ಲಿ ಅದು ಕೂಡಿಸಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ಅದೇ ಹೊತ್ತಿಗೆ ರೋಗಿಯು ನೋವಿಲ್ಲದೆ ನಡೆಯತೊಡಗಿ, ‘ನಾನು ಗುಣವಾದೆ’ ಎಂದು ಭಾವಿಸುತ್ತಾನೆ. ಅಪಾಯವಿರುವುದು ಇಲ್ಲಿಯೇ.

ನಾರ್ವೆಯ ಕ್ರೀಡಾಳುಗಳನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಶಸ್ತ್ರಚಿಕಿತ್ಸೆಯ ನಂತರ 9 ತಿಂಗಳವರೆಗೆ ಆಟಕ್ಕೆ ಮರಳುವುದನ್ನು ತಡಮಾಡಿದ ಪ್ರತಿಯೊಂದು ತಿಂಗಳಿಗೂ ಮರುಗಾಯದ ಸಂಭವವು ಸುಮಾರು ಅರ್ಧದಷ್ಟು ತಗ್ಗಿತೆಂದು ತೋರಿಸಿದೆ.

ಬಲದ ಮೆಟ್ಟಿಲುಗಳು

ಮೊದಲ ವಾರಗಳ ಗುರಿ ಬಾವು ಇಳಿಸುವುದು ಮತ್ತು ಕಾಲನ್ನು ಪೂರ್ಣ ನೇರಗೊಳಿಸುವುದು. ಕೀಲು ಊದಿರುವಾಗ ತೊಡೆಯ ಮುಂಭಾಗದ ಸ್ನಾಯುವು ಮನಸ್ಸು ಮಾಡಿದರೂ ಸರಿಯಾಗಿ ಬಿಗಿಯದು, ದಿನಗಳಲ್ಲಿಯೇ ಸೊರಗತೊಡಗುತ್ತದೆ. ಮಲಗಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ 5 ಸೆಕೆಂಡು ಹಿಡಿದು ಬಿಡುವುದು ಸರಳವಾದ ಮೊದಲ ವ್ಯಾಯಾಮ. ಒಮ್ಮೆಗೆ 10 ಸಲ ಮಾಡಬಹುದು.

ಮುಂದಿನ ಮೆಟ್ಟಿಲಿನಲ್ಲಿ ಸೈಕಲ್ ತುಳಿಯುವುದು, ಅರೆಬೈಠಕ್, ಮೆಟ್ಟಿಲು ಹತ್ತುವುದು, ಒಂಟಿಕಾಲಿನ ಮೇಲೆ ನಿಲ್ಲುವುದು. ಆನಂತರ ನಿಧಾನದ ಓಟ, ಜಿಗಿತ, ದಿಕ್ಕು ಬದಲಿಸುವ ಓಟ, ಜೊತೆಗಾರನೊಡನೆ ಅಭ್ಯಾಸ. ಪಂದ್ಯವು ಕೊನೆಯ ಮೆಟ್ಟಿಲು. ಪ್ರತಿಯೊಂದನ್ನೂ ಫಿಸಿಯೋಥೆರಪಿಸ್ಟರ ಅನುಮತಿ ಪಡೆದೇ ಏರಬೇಕು. ಮರುದಿನ ಬೆಳಿಗ್ಗೆ ಮೊಣಕಾಲು ಊದಿದ್ದರೆ ಒಂದು ಮೆಟ್ಟಿಲು ಹಿಂದೆ ಸರಿಯಬೇಕು.

ಮರಳುವ ಮುನ್ನ ಎರಡೂ ಕಾಲುಗಳನ್ನು ಹೋಲಿಸಿ ಅಳೆಯುತ್ತಾರೆ. ಗಾಯಗೊಂಡ ಕಾಲಿನ ಸಾಮರ್ಥ್ಯವು ಇನ್ನೊಂದರ ಶೇ. 90ರಷ್ಟಾದರೂ ಇರಬೇಕೆಂಬುದು ವಾಡಿಕೆಯ ಅಳತೆ. ಒಳ್ಳೆಯ ಕಾಲಿನ ಒಂಟಿಜಿಗಿತ 150 ಸೆಂಟಿಮೀಟರಾದರೆ ಮತ್ತೊಂದರದು 135 ಮುಟ್ಟಬೇಕು. ಜಿಗಿತವೊಂದೇ ಸಾಲದು, ತೊಡೆಯ ಬಲವನ್ನೂ ಪರೀಕ್ಷಿಸಬೇಕು.

ಅಂಜಿಕೆಯು ಹೇಡಿತನವಲ್ಲ

ಒಮ್ಮೆ ಮೋಸಹೋದ ಕಾಲನ್ನು ಮನಸ್ಸು ಬೇಗನೆ ನಂಬುವುದಿಲ್ಲ. ಆದುದರಿಂದ ಹುಡುಗರನ್ನು ‘ಪುಕ್ಕಲ’ ಎಂದು ಹಂಗಿಸುವುದು ಸಲ್ಲದು. ಹಂಗಿಗೆ ಅಂಜಿ ಕಣಕ್ಕಿಳಿದವನು ಮತ್ತೆ ಗಾಯಗೊಳ್ಳಬಹುದು. ನಂಬಿಕೆಯು ಹುಮ್ಮಸ್ಸಿನ ಮಾತಿನಿಂದ ಬರುವುದಲ್ಲ, ಪ್ರಮಾಣದಿಂದ ಬರುವುದು. ಇಂದು ಎಷ್ಟು ಬೈಠಕ್, ಎಷ್ಟು ದೂರದ ಜಿಗಿತ ಎಂದು ಪುಸ್ತಕದಲ್ಲಿ ಬರೆದಿಡಲಿ. ತಿಂಗಳ ಹಿಂದಿನ ಪುಟವೇ ಧೈರ್ಯ ಹೇಳುತ್ತದೆ. ಯಾವ ಚಲನೆಯಲ್ಲಿ ಗಾಯವಾಯಿತೋ ಅದನ್ನೇ ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಅಭ್ಯಸಿಸಲಿ.

ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚೀನಾದ ಸುನ್ ಯಾನನ್ ಎದುರು ಸೆಣಸುವಾಗ ಮೊಣಕಾಲಿಗೆ ಗಾಯವಾಗಿ ಸ್ಟ್ರೆಚರ್ ಮೇಲೆ ಹೊರಬಂದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ಎದುರಾಳಿಯನ್ನು ಸೋಲಿಸಿ ಮುಂದೆ ಸಾಗಿ ಚಿನ್ನ ಗೆದ್ದರು. ಆ ಕೂಟದಲ್ಲಿ ಚಿನ್ನ ಪಡೆದ ಭಾರತದ ಮೊದಲ ಮಹಿಳಾ ಕುಸ್ತಿಪಟು ಅವರು. ಎರಡು ವರ್ಷಗಳ ಆ ಅಂತರವನ್ನು ನಾವು ಮರೆಯಬಾರದು.

ಎಚ್ಚರಿಕೆ

ಊದಿದ ಮೊಣಕಾಲನ್ನು ಬಲವಾಗಿ ತಿಕ್ಕಿಸುವುದು, ಎಳೆಸುವುದು ಬೇಡ. ಕೀಲು ಸಿಕ್ಕಿಹಾಕಿಕೊಳ್ಳುವುದು, ನಡೆಯುವಾಗ ಕುಸಿಯುವುದು, ಜ್ವರ, ಮೀನಖಂಡದಲ್ಲಿ ನೋವು ಮತ್ತು ಬಾವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಉಸಿರಾಟದ ತೊಂದರೆಯಾದರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಮನೆಯ ಹಿರಿಯರೂ ಗರಡಿಯ ಗುರುಗಳೂ ಮುಂದಿನ ಜಾತ್ರೆಯ ಪಂದ್ಯವನ್ನು ನೆನೆದು ಅವಸರಪಡಿಸದಿರಲಿ. ಜಾತ್ರೆ ಮರುವರ್ಷವೂ ಬರುತ್ತದೆ. ಆ ಹೊತ್ತಿಗೆ ಹುಡುಗನ ಕಾಲು ಗಟ್ಟಿಯಾಗಿರಲಿ.