ಇದ್ದ ಮನೆ ಬೆಳೆಸುವುದೋ, ದೊಡ್ಡ ಮನೆಗೆ ಹೋಗುವುದೋ?

ಮಗನ ಮದುವೆ ಗೊತ್ತಾಗುತ್ತದೆ, ಮಕ್ಕಳು ಕಾಲೇಜಿಗೆ ಬರುತ್ತಾರೆ, ಮನೆ ಸಾಲುವುದಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರದ ಬಹಳಷ್ಟು ಕುಟುಂಬಗಳು ಆಗ ಮೊದಲು ಕರೆಯುವುದು ಗೌಂಡಿಯನ್ನು. ಅವರನ್ನು ಕೊನೆಗೆ ಕರೆಯಿರಿ. ಅದಕ್ಕೂ ಮೊದಲು ನೋಡಬೇಕಾದವು ಬೇರೆ ಇವೆ.

ಉತಾರ ತೆಗೆಸಿ

ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಒಂದು ಇಟ್ಟಿಗೆಯನ್ನೂ ಇಡಬೇಡಿ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಅಕ್ಕ-ತಂಗಿಯರನ್ನೂ ಕೂಡಿಸಿ ವಾಟ್ನಿ ಮಾಡಿಕೊಂಡು, ನೋಂದಣಿ ಮಾಡಿಸಿ. ಸಾಲ ಮಾಡಿ ಮಾಳಿಗೆ ಏರಿಸಿದ ಮೇಲೆ ಪಾಲಿನ ಮಾತು ಬಂದರೆ ಮನೆಯೂ ಒಡೆಯುತ್ತದೆ, ಮನಸ್ಸೂ ಒಡೆಯುತ್ತದೆ.

ಸ್ಮಾರಕ ಎಷ್ಟು ದೂರ?

ವಿಜಯಪುರ ನಗರದವರಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಮಾತ್ರವಲ್ಲ, ಓಣಿಗಳ ನಡುವೆಯೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಿವೆ. 2010ರ ಕಾನೂನು ತಿದ್ದುಪಡಿಯ ಪ್ರಕಾರ, ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಗುಮ್ಮಟದ ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ ಎಂಬುದು ನೆನಪಿರಲಿ. ನಿಷೇಧಿತ ಪ್ರದೇಶದಲ್ಲಿ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ಆದರೆ ಮೇಲೊಂದು ಅಂತಸ್ತು, ಪಕ್ಕಕ್ಕೊಂದು ಖೋಲಿ ಎಂದರೆ ಕಾನೂನಿನ ಕಣ್ಣಿಗೆ ಅದು ಹೊಸ ಕಟ್ಟಡವೇ. ತಪ್ಪಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿಮ್ಮ ಮನೆ ಈ 100 ಮೀಟರಿನೊಳಗಿದ್ದರೆ ಹಿಗ್ಗಿಸುವ ಮಾತನ್ನು ಬಿಟ್ಟು ಬೇರೆ ಮನೆ ಹುಡುಕುವುದೇ ಸರಿ.

ಬುನಾದಿ ಕೇಳಿ

ನಮ್ಮದು ಎರೆಮಣ್ಣಿನ ಸೀಮೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಗೋಡೆಯ ಬಿರುಕು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಏಪ್ರಿಲ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ನೋಡಿ. ಬಿರುಕು ಗೆರೆ ದಾಟಿದ್ದರೆ ಬುನಾದಿ ಇನ್ನೂ ಅಲುಗುತ್ತಿದೆ ಎಂದರ್ಥ. ಎಂಜಿನಿಯರ್ ಎದುರಿಗೇ ಗುಂಡಿ ತೋಡಿಸಿ, ಬುನಾದಿ ಗರಸಿನ ಮೇಲೆ ಕೂತಿದೆಯೋ ಎರೆಯ ಮೇಲೋ ಕಣ್ಣಾರೆ ನೋಡಿ.

ತಿಕೋಟಾ, ಬಬಲೇಶ್ವರದ ಕಡೆ ಕಲ್ಲು-ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಹಳೆ ಮನೆಗಳಿವೆ. ಅವುಗಳ ಮೇಲೆ ಸ್ಲ್ಯಾಬ್ ಹಾಕಲೇಬೇಡಿ. 2021-22ರಲ್ಲಿ ಜಿಲ್ಲೆಯಲ್ಲಿ ಹಲವು ಸಲ ನೆಲ ನಡುಗಿದ್ದನ್ನು ಮರೆಯಬಾರದು. ಹಳೆ ಪಡಸಾಲೆ ಹಾಗೇ ಇರಲಿ, ಬೇಸಿಗೆಯಲ್ಲಿ ಅಷ್ಟು ತಂಪು ಯಾವ ಸ್ಲ್ಯಾಬ್ ಮನೆಯೂ ಕೊಡದು. ಹಿತ್ತಲಲ್ಲಿ ಅಥವಾ ದನದ ಕೊಟ್ಟಿಗೆಯ ಜಾಗದಲ್ಲಿ ಸ್ವಂತ ಬುನಾದಿಯ ಹೊಸ ಖೋಲಿಗಳನ್ನು ಕಟ್ಟಿಸಿ. ಹಳೆ ಗೋಡೆಗೆ ಹೊಸ ಗೋಡೆಯನ್ನು ಬೆಸೆಯದೆ ನಡುವೆ ಸಂದು ಬಿಡಿಸಿ.

ಇನ್ನು ಲೆಕ್ಕ

ಹೊಸ ಮನೆ ಕೊಳ್ಳುವಾಗ ಅದರ ಬೆಲೆಯಷ್ಟನ್ನೇ ನೋಡಿದರೆ ಸಾಲದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಕೂಡಿದರೆ ನಗರದಲ್ಲಿ ಸುಮಾರು ಶೇ 7.6. ಅಂದರೆ 50 ಲಕ್ಷದ ಮನೆಗೆ 3.8 ಲಕ್ಷ ರೂಪಾಯಿ ಬರೀ ಕಾಗದಕ್ಕೆ ಹೋಗುತ್ತದೆ. ನಗರದಲ್ಲಾದರೆ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತು ಕೇಳಿ. ಋಣಭಾರ ಪತ್ರವನ್ನೂ ತೆಗೆಸಿ. ಎನ್‌ಎ ಆಗದ ಗುಂಟೆ ಪ್ಲಾಟು ಎಷ್ಟೇ ಅಗ್ಗವಿದ್ದರೂ ಬೇಡ.

ಮಕ್ಕಳ ಓದಿಗಾಗಿ ತಿಕೋಟಾ, ಬಬಲೇಶ್ವರದಿಂದ ವಿಜಯಪುರಕ್ಕೆ ಬರುವವರು ಊರ ಮನೆಯನ್ನು ಮಾರಲು ಅವಸರ ಮಾಡಬೇಡಿ. ಮೊದಲು ಒಂದು ಶೈಕ್ಷಣಿಕ ವರ್ಷ ಬಾಡಿಗೆಗೆ ಇರಿ. ಆ ಓಣಿಯಲ್ಲಿ ಬೇಸಿಗೆಗೆ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮಳೆಗಾಲದಲ್ಲಿ ರಸ್ತೆ ಹೇಗಿರುತ್ತದೆ, ಮನೆಯ ಹಿರಿಯರು ಅಲ್ಲಿ ಹೊಂದಿಕೊಳ್ಳುತ್ತಾರೋ ಇಲ್ಲವೋ ನೋಡಿ. ಮುಂಗಡ ಕೊಡುವ ಮಾತು ಆಮೇಲೆ.